ಕರಡು ತಿದ್ದುವವನ ತಪ್ಪು ಒಪ್ಪು

ಜೂನ್ ೩

ತಂಗಿಗೆ,

'ನಾವೆಲ್ಲ ಕ್ಷೇಮ, ನಿನ್ನ ಕ್ಷೇಮಕ್ಕೆ ಆಗಾಗ ಬರೆಯುತ್ತಿರು' ಎಂದು ಶುರುಮಾಡುವುದು ವಾಡಿಕೆ. ಮೂವತ್ತೆಂಟು ವರ್ಷ ಅಚ್ಚುಮನೆಯಲ್ಲಿ ಕೂತು ಕಂಡವರ ಕರಡು ತಿದ್ದಿದವನಾಗಿ ಹೇಳುತ್ತೇನೆ, ಆ ಸಾಲಿನಲ್ಲಿ ಕಾಗುಣಿತ ಸರಿಯಿದೆ, ಮಿಕ್ಕಿದ್ದೆಲ್ಲ ತಪ್ಪು. ನಾನು ಕ್ಷೇಮವಾಗಿಲ್ಲ. ನಿನ್ನ ಕ್ಷೇಮವನ್ನು ಹನ್ನೆರಡು ವರ್ಷದಿಂದ ವಿಚಾರಿಸಿಲ್ಲ. ನೀನೂ ಅಷ್ಟೆ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರೋಣ.

ವಿಳಾಸ ಕೊಟ್ಟವಳು ಚಿಕ್ಕಪ್ಪನ ಮಗಳು. ನಿನಗೆ ಕಿವಿ ಮಂದವಾಗಿದೆಯಂತೆ, ಫೋನು ಮಾಡಿದರೆ ಗೋಡೆಗೆ ಮಾತಾಡಿದ ಹಾಗಂತೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಮಾತನ್ನೆಲ್ಲ ಕದ್ದು ಕೇಳಿದವಳಿಗೆ ತಕ್ಕದ್ದೇ ಆಯಿತು.

ನಾನಿರುವುದು ಮಗ ಸೊಸೆಯ ಜೊತೆ, ಮೂರನೇ ಮಹಡಿಯಲ್ಲಿ. ಮಗ ಲಿಫ್ಟ್ ರಿಪೇರಿ ಮಾಡುತ್ತಾನೆ. ಊರಿನ ಲಿಫ್ಟುಗಳೆಲ್ಲ ಅವನ ಕೈಯಲ್ಲಿ ಓಡುತ್ತವೆ, ನಮ್ಮ ಕಟ್ಟಡಕ್ಕೆ ಮಾತ್ರ ಲಿಫ್ಟೇ ಇಲ್ಲ. ಸೊಸೆ ಔಷಧಿ ಅಂಗಡಿಯವಳು. ಅವಳ ಪ್ರೀತಿಯೆಲ್ಲ ಪ್ಲಾಸ್ಟಿಕ್ಕಿನ ರೂಪದಲ್ಲಿ ಮನೆಗೆ ಬರುತ್ತದೆ. ಬಚ್ಚಲಿಗೆ ಎರಡು ಕಂಬಿ, ನೆಲಕ್ಕೆ ರಬ್ಬರ್ ಚಾಪೆ, ಹಿಂಬದಿ ಪಟ್ಟಿಯಿರುವ ಚಪ್ಪಲಿ, ಏಳು ದಿನಕ್ಕೆ ಏಳು ಗೂಡಿನ ಮಾತ್ರೆ ಡಬ್ಬಿ. ಡಬ್ಬಿಯ ಮುಚ್ಚಳ ತೆಗೆಯಲು ಬೇಕಾದ ಉಗುರಿನ ಬಲ ಇದ್ದವನಿಗೆ ಆ ಮಾತ್ರೆಗಳೇ ಬೇಕಾಗುವುದಿಲ್ಲ. ನಾನು ಎದ್ದು ನಿಂತರೆ ಸಾಕು, "ಮಾವ, ಮೆಲ್ಲಗೆ" ಅನ್ನುತ್ತಾಳೆ. ಕೂತರೂ ಅನ್ನುತ್ತಾಳೆ. ಇಡೀ ಮನೆ ನಾನು ಯಾವಾಗ ಬೀಳುತ್ತೇನೆ ಎಂದು ಕಾದು ಕೂತಿದೆ. ಬೀಳದೆ ಅವರನ್ನು ನಿರಾಸೆಗೊಳಿಸುವುದೇ ಈಗ ನನ್ನ ಉದ್ಯೋಗ.

ಸುಖವೇ ಇಲ್ಲವೆಂದಲ್ಲ. ಬೆಳಿಗ್ಗೆ ಹತ್ತಕ್ಕೆ ಅಡುಗೆಮನೆ ಕಿಟಕಿಯಿಂದ ಒಂದು ಮೊಳ ಬಿಸಿಲು ಬರುತ್ತದೆ, ಕುರ್ಚಿ ಹಾಕಿಕೊಂಡು ಕಾಲು ಅದರಲ್ಲಿಡುತ್ತೇನೆ. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಮುರಿದು ಬೀಳುವ ಒಂದು ಕ್ಷಣ ಮೊದಲು ಬಾಯಿಗೆ ಹಾಕಿಕೊಳ್ಳುತ್ತೇನೆ. ಹಳೆಯ ಮರದ ಅಳತೆಪಟ್ಟಿಯಿಂದ ಬೆನ್ನು ಕೆರೆದುಕೊಳ್ಳುತ್ತೇನೆ. ಈ ಸುಖ ಗೊತ್ತಿದ್ದಿದ್ದರೆ ಯೌವನದಲ್ಲಿ ಅಷ್ಟೊಂದು ಒದ್ದಾಡುತ್ತಿರಲಿಲ್ಲ.

ಇನ್ನು ನಿನ್ನ ಜಾತಿಯವರು, ಅಂದರೆ ಭಕ್ತರು. ಕೆಳಗಿನ ಮಹಡಿಯ ಹಾಲಿನಲ್ಲಿ ವಾರಕ್ಕೆ ಎರಡು ಸಲ ಪ್ರಾರ್ಥನಾ ಸಭೆ. ಅದರ ಮುಖಂಡ ರೈಲ್ವೆ ನಿಲ್ದಾಣದಲ್ಲಿ ಪ್ರಕಟಣೆ ಹೇಳುತ್ತಿದ್ದು ನಿವೃತ್ತನಾದವನು. ಎಲ್ಲರೂ ಮೈಕಣ್ಣ ಅನ್ನುತ್ತಾರೆ. ಅವನು ಬಾಯಿ ಬಿಟ್ಟರೆ ದೇವರು ಎರಡನೇ ಪ್ಲಾಟ್‌ಫಾರ್ಮಿಗೆ ಬರುತ್ತಿದ್ದಾನೆ, ಸಾಮಾನುಗಳ ಬಗ್ಗೆ ಎಚ್ಚರ ವಹಿಸಿ ಅನ್ನುವ ಹಾಗಿರುತ್ತದೆ. ಮೊನ್ನೆ ನಮ್ಮ ಬಾಗಿಲ ಸಂದಿಯಲ್ಲಿ ಪ್ರಾರ್ಥನೆಯ ಹಾಳೆ ತೂರಿಸಿ ಹೋಗಿದ್ದ. ಮೊದಲ ಸಾಲು: 'ದೇವರೇ, ನಮ್ಮನ್ನು ಸದಾ ಕಾಡು.' ಕಾಪಾಡು ಎಂಬುದರಲ್ಲಿ ಒಂದು 'ಪಾ' ಬಿದ್ದುಹೋಗಿದೆ. ನಲವತ್ತು ಜನ ಎರಡು ವರ್ಷದಿಂದ ಅದನ್ನೇ ಕೈಯಲ್ಲಿ ಹಿಡಿದು ಬೇಡಿಕೊಂಡಿದ್ದಾರೆ. ಅವರ ಮಂಡಿನೋವು, ಅವರ ಮೊಮ್ಮಕ್ಕಳು, ಅವರ ಬಚ್ಚಲಿನ ನಲ್ಲಿ ನೋಡಿದರೆ, ಪ್ರಾರ್ಥನೆ ಅಕ್ಷರಶಃ ಫಲಿಸಿದೆ.

ಬರೆಯಬೇಕೆನಿಸಿದರೆ ಬರೆ.

ನಿನ್ನ ಅಣ್ಣ ಅನ್ನಿಸಿಕೊಂಡವನು


ಜೂನ್ ೨೪

ಅಣ್ಣನಿಗೆ,

ಹನ್ನೆರಡು ವರ್ಷದ ಮೇಲೆ ಬರೆದ ಪತ್ರದಲ್ಲಿ ಬಚ್ಚಲ ಕಂಬಿಯ ವರದಿ ಕೊಟ್ಟವನು ಲೋಕದಲ್ಲಿ ನೀನೊಬ್ಬನೇ ಇರಬೇಕು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನಿನ್ನದನ್ನು ಸುಡಲು ಹೋದ ಬೆಂಕಿಯೇ ಆರಿತು.

ಕಿವಿ ಮಂದವಾದದ್ದು ನಿಜ. ಯಂತ್ರ ಹಾಕಿಕೊಂಡಿದ್ದೇನೆ, ಅದು ಸೀಟಿ ಹೊಡೆಯುತ್ತದೆ. ಪಕ್ಕದ ಮನೆಯ ನಾಯಿ ಓಡಿ ಬರುತ್ತದೆ. ಹಾಲು ಉಕ್ಕಿದ್ದು ಕೇಳಿಸುವುದಿಲ್ಲ, ವಾಸನೆ ಬಂದ ಮೇಲೆಯೇ ಗೊತ್ತಾಗುವುದು. ಅಂಚೆಯವನು ಬಾಗಿಲು ತಟ್ಟುವುದನ್ನು ಬಿಟ್ಟು ಕಿಟಕಿಯ ಮುಂದೆ ನಿಂತು ಕೈ ಬೀಸುತ್ತಾನೆ, ಹಡಗು ಹತ್ತಿ ಹೊರಟವನ ಹಾಗೆ.

ಪ್ರಾರ್ಥನೆ ಬಿಟ್ಟಿಲ್ಲ. ದೇವರ ಮಾತು ಮೊದಲೂ ಕಿವಿಗೆ ಬೀಳುತ್ತಿರಲಿಲ್ಲ, ಆದ್ದರಿಂದ ಆ ಬಾಬತ್ತಿನಲ್ಲಿ ನಷ್ಟವಿಲ್ಲ. ನಿನ್ನ ಮೈಕಣ್ಣನನ್ನು ಆಡಿಕೊಳ್ಳುವ ಮೊದಲು ಒಂದು ಕೇಳುತ್ತೇನೆ: ಆ ನಲವತ್ತು ಜನ ಕಾಡು ಅಂದರೂ ಅವರ ಮನಸ್ಸಿನಲ್ಲಿದ್ದದ್ದು ಕಾಪಾಡು ತಾನೇ? ಕೇಳಿಸಿಕೊಳ್ಳುವವನು ನಿನ್ನ ಹಾಗೆ ಕೆಂಪು ಪೆನ್ಸಿಲು ಹಿಡಿದು ಕೂತಿರುತ್ತಾನೆ ಎಂದುಕೊಂಡೆಯಾ?

ನೀನು ಸುಮ್ಮನೆ ಬರೆಯುವವನಲ್ಲ. ಯಾಕೆ ಬರೆದೆ ಹೇಳು.

ತಂಗಿ


ಜುಲೈ ೧೨

ತಂಗಿಗೆ,

ಯಾಕೆ ಬರೆದೆ ಎಂದರೆ, ಈ ಮನೆಯಲ್ಲಿ ವಾಕ್ಯ ಪೂರ್ತಿ ಮಾಡಿ ಮಾತಾಡುವವರು ಯಾರೂ ಇಲ್ಲ. ಅಷ್ಟೇ ಎಂದುಕೋ.

ಪ್ರಾರ್ಥನೆಯ ಹಾಳೆಯ ಕಥೆ ಮುಂದುವರಿಯಿತು. ಅದನ್ನು ಪೂರ್ತಿ ತಿದ್ದಿದೆ. ಒಂದು ಪುಟಕ್ಕೆ ಹದಿನೇಳು ತಪ್ಪು. ಮೆಟ್ಟಿಲಿಳಿದು ಹೋಗಿ ಅವರ ಹಾಲಿನ ಬಾಗಿಲಿಗೇ ಅಂಟಿಸಿ ಬಂದೆ, ಎಲ್ಲರೂ ನೋಡಲಿ ಎಂದು. ಕೆಳಗೆ ಬರೆದಿದ್ದೆ: 'ದೇವರಿಗೆ ಬರೆಯುವಾಗಲಾದರೂ ಒತ್ತಕ್ಷರ ನೆಟ್ಟಗೆ ಬರೆಯಿರಿ.'

ಜಗಳಕ್ಕೆ ಬರುತ್ತಾರೆ ಎಂದು ಸಿದ್ಧವಾಗಿ ಕೂತಿದ್ದೆ. ಒಳ್ಳೆಯ ಅಂಗಿ ಹಾಕಿಕೊಂಡಿದ್ದೆ. ಸಂಜೆ ಐದಕ್ಕೆ ಮೈಕಣ್ಣ ಬಂದ. ಮೂರು ಮಹಡಿ ಹತ್ತಿ ಬಂದವನಿಗೆ ಉಸಿರೇ ಇಲ್ಲ, ಆದರೂ ದನಿ ಮಾತ್ರ ಇಡೀ ಮೆಟ್ಟಿಲಸಾಲಿಗೆ ಕೇಳುವ ಹಾಗೆ.

"ಯಜಮಾನ್ರೇ, ಹಾಳೆ ತಿದ್ದಿದ್ದು ನೀವೇನಾ?"

"ನಾನೇ. ಏನೀಗ?"

"ತುಂಬಾ ಉಪಕಾರ ಆಯ್ತು. ನಮ್ಮಲ್ಲಿ ಇಷ್ಟು ಓದಿದವ್ರು ಯಾರೂ ಇಲ್ಲ. ಪುಸ್ತಕ ಮಾಡಿಸ್ಬೇಕು ಅಂತಿದೀವಿ, ಅರವತ್ನಾಲ್ಕು ಪುಟ. ಅದನ್ನೂ ನೀವೇ ನೋಡಿಕೊಡ್ತೀರಾ?"

ಬೈದರೆ ತಿರುಗಿ ಬೈಯಬಹುದು. ಉಪಕಾರ ಅನ್ನುವವನನ್ನು ಏನು ಮಾಡುವುದು? ಇಂಥವರಿಗೆ ಅವಮಾನ ಮಾಡುವುದೂ ಒಂದು ಕಸರತ್ತು. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. ನನಗೆ ದೇವರಲ್ಲಿ ನಂಬಿಕೆಯಿಲ್ಲ ಎಂದೆ. "ಪರವಾಗಿಲ್ಲ, ಕಾಗುಣಿತದಲ್ಲಿ ಇದೆಯಲ್ಲ" ಎಂದ. ಅವನ ತಲೆಗೆ ಅದು ಮೀರಿದ ಮಾತು, ಯಾರೋ ಹೇಳಿಕೊಟ್ಟಿರಬೇಕು.

ಒಪ್ಪಿಕೊಂಡೆ. ಅವರ ಮೇಲಿನ ಗೌರವದಿಂದಲ್ಲ, ಆ ಪುಸ್ತಕ ನನ್ನ ಕಣ್ಣಮುಂದೆ ಕೆಟ್ಟದಾಗಿ ಹುಟ್ಟುವುದನ್ನು ನೋಡಲಾರದೆ. ಈಗ ದಿನಾ ಬೆಳಿಗ್ಗೆ ಬಿಸಿಲು ಕಾಲಿನ ಮೇಲಿಂದ ಸರಿಯುವವರೆಗೂ ಕರಡು ಹಿಡಿದು ಕೂರುತ್ತೇನೆ. ಪೆನ್ಸಿಲು ಕೆತ್ತಿದ ವಾಸನೆ ಮೂಗಿಗೆ ಬಂದಾಗ, ಹೇಳಬಾರದು, ಹಸಿವಾಗುತ್ತದೆ. ಮಾತ್ರೆ ಮರೆತುಹೋಗುತ್ತದೆ. ಸೊಸೆ ನಿನ್ನೆ ನನ್ನನ್ನು ದಿಟ್ಟಿಸಿ ನೋಡಿ, "ಮಾವ, ನೀವು ಸಿಳ್ಳೆ ಹಾಕ್ತಿದ್ರಿ" ಎಂದಳು. ನಾನು ಹಾಕಲಿಲ್ಲ ಎಂದೆ.

ಅಣ್ಣ


ಆಗಸ್ಟ್ ೨

ಅಣ್ಣನಿಗೆ,

ಯಾಕೆ ಬರೆದೆ ಎಂಬುದಕ್ಕೆ ನೀನು ಕೊಟ್ಟ ಉತ್ತರ ಅಡ್ಡಗೋಡೆಯ ಮೇಲಿಟ್ಟ ದೀಪ. ಇರಲಿ, ನಾನೇ ಶುರುಮಾಡುತ್ತೇನೆ. ಈ ವಯಸ್ಸಿನಲ್ಲಿ ಬಿಂಕಕ್ಕೆ ಬಿಡುವೆಲ್ಲಿ?

ಅಮ್ಮ ಹೋಗುವ ವಾರ ನಾನು ನಮ್ಮ ಸಭೆಯವರನ್ನು ಎಂಟು ಜನ ಕರೆದುಕೊಂಡು ಬಂದೆ. ಅವಳ ಮಂಚದ ಸುತ್ತ ನಿಂತು ಹಾಡಿದೆವು. ನೀನು, "ಇದು ಮನೆ, ಸಂತೆ ಅಲ್ಲ, ಎಲ್ರೂ ಆಚೆ ಹೋಗಿ" ಎಂದೆ. ಅಮ್ಮನ ಮುಂದೆಯೇ. ಸರಿ, ಹೋದೆವು. ಐದು ದಿನದ ಮೇಲೆ ಸಂಜೆ ನಾಲ್ಕಕ್ಕೆ ಎಕ್ಸ್‌ಚೇಂಜಿಗೆ ನಿನ್ನ ಫೋನು. ನಾನಿದ್ದದ್ದು ಹದಿನೈದು ನಿಮಿಷದ ದಾರಿಯಲ್ಲಿ. ಬರುವಷ್ಟರಲ್ಲಿ ಮುಗಿದು ಒಂದು ಗಂಟೆಯಾಗಿತ್ತು. ಮೆಟ್ಟಿಲ ಮೇಲೆ ನಿಂತು ನೀನು ಹೇಳಿದೆ, "ಪ್ರಜ್ಞೆಯೇ ಇರ್ಲಿಲ್ಲ. ಯಾರನ್ನೂ ಕೇಳ್ಲಿಲ್ಲ." ನಾನು ನಿನಗೆ ಅಂದದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ನಿನಗೇ ನೆನಪಿರುತ್ತದೆ.

ನನ್ನನ್ನು ಹನ್ನೆರಡು ವರ್ಷ ತಿಂದದ್ದು ನೀನು ಆಚೆ ಹಾಕಿದ್ದಲ್ಲ. ಅದಕ್ಕೆ ನಿನ್ನನ್ನು ಮನಸಾರೆ ಶಪಿಸಿ ಹಗುರಾಗಿದ್ದೇನೆ. ತಿಂದದ್ದು 'ಯಾರನ್ನೂ ಕೇಳಲಿಲ್ಲ' ಅನ್ನುವುದು. ನನ್ನ ಹಾಡು ಅವಳಿಗೂ ಬೇಡವಾಗಿತ್ತೇನೋ, ಸೌಜನ್ಯಕ್ಕೆ ಕಣ್ಣು ಮುಚ್ಚಿ ಮಲಗಿದ್ದಳೇನೋ. ಆಮೇಲೆ ನಾನು ಸಭೆಯಲ್ಲಿ ದನಿ ತೆಗೆದು ಹಾಡಿಲ್ಲ. ತುಟಿ ಆಡಿಸುತ್ತೇನೆ. ಕಿವುಡಿ ಎಂದು ಯಾರೂ ಕೇಳುವುದಿಲ್ಲ, ಅದೊಂದು ಅನುಕೂಲ.

ಅವಳ ಕೊನೆಯ ದಿನ ಹೇಗಿತ್ತು ಎಂದು ನಾನು ನಿನ್ನನ್ನು ಯಾವತ್ತೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ನಿನ್ನ ವ್ಯಂಗ್ಯವನ್ನು ಒಂದು ಪುಟ ಪಕ್ಕಕ್ಕಿಟ್ಟು ಬರೆ.

ತಂಗಿ


ಆಗಸ್ಟ್ ೨೬

ತಂಗಿಗೆ,

ಪುಸ್ತಕದ ಕೆಲಸ ಜೋರಾಗಿ ನಡೆದಿದೆ. ಎರಡನೇ ಕರಡು ಮುಗಿಯಿತು. ಮೈಕಣ್ಣನ ಭಾಷೆಗೆ ಹೋಲಿಸಿದರೆ ರೈಲ್ವೆ ವೇಳಾಪಟ್ಟಿಯೇ ಮಹಾಕಾವ್ಯ. ಅವನು ದೇವರನ್ನು ಒಂದೇ ಸಾಲಿನಲ್ಲಿ ನೀನು ಎಂದೂ ತಾವು ಎಂದೂ ಕರೆಯುತ್ತಾನೆ, ನೆಂಟಸ್ತನ ಇನ್ನೂ ಗೊತ್ತಾಗಿಲ್ಲದವನ ಹಾಗೆ. ಸೊಸೆ ಒಂದು ಭೂತಗನ್ನಡಿ ತಂದುಕೊಟ್ಟಿದ್ದಾಳೆ, ದೀಪವಿರುವಂಥದ್ದು. ನಾನು ಕೇಳಿರಲಿಲ್ಲ.

ನೀನು ಕೇಳಿದ್ದಕ್ಕೆ ಇನ್ನೊಮ್ಮೆ ಬರೆಯುತ್ತೇನೆ. ಈಗ ಅಚ್ಚುಮನೆಯವನು ಕಾಯುತ್ತಿದ್ದಾನೆ.

ಅಣ್ಣ


ಅಕ್ಟೋಬರ್ ೯

ತಂಗಿಗೆ,

ಸಾಲು ಓರೆಯಾಗಿದ್ದರೆ ಕ್ಷಮಿಸು. ಒಂದರ ಮೇಲೊಂದು ಹತ್ತಿದ್ದರೂ ಕ್ಷಮಿಸು.

ಪುಸ್ತಕ ಬಂತು. ಭಾನುವಾರ ಹಾಲಿನಲ್ಲಿ ಹಂಚಿದರು. ಮೈಕಣ್ಣ ಮೇಲೆ ಬಂದು, "ನೀವು ಬರ್ಲೇಬೇಕು, ಮುಂದಿನ ಸಾಲಲ್ಲಿ ಕುರ್ಚಿ ಇಟ್ಟಿದೀನಿ" ಎಂದ. ಹೋದೆ. ಪ್ರಾರ್ಥನೆಗಲ್ಲ, ಮೆಚ್ಚುಗೆಗೆ. ನಿನಗಾದರೂ ನಿಜ ಹೇಳುತ್ತೇನೆ.

ಅಗಲಿದವರಿಗಾಗಿ ಮಾಡುವ ಪ್ರಾರ್ಥನೆ ಇಪ್ಪತ್ತೆರಡನೇ ಪುಟದಲ್ಲಿದೆ. ಎಲ್ಲರೂ ಎದ್ದು ನಿಂತು ಒಟ್ಟಿಗೆ ಓದಿದರು. 'ನಮ್ಮನ್ನು ಅಗಲಿದ ತಾಯಂದಿರಿಗೆ ಶಾಸ್ತಿ ಕೊಡು.'

ಶಾಂತಿಯ ಸೊನ್ನೆಯ ಜಾಗದಲ್ಲಿ ಒತ್ತಕ್ಷರ. ಅರ್ಧ ಸಭೆ ಅದನ್ನೇ ಓದಿತು. ಇನ್ನರ್ಧ ಓದುತ್ತ ಓದುತ್ತ ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೈಕಣ್ಣ ತನ್ನ ಆ ದರಿದ್ರ ದನಿಯಲ್ಲಿ "ಶಾಂತಿ" ಎಂದು ಎರಡು ಸಲ ಕೂಗಿ, ತಪ್ಪು ತನ್ನ ಬಾಯಿಯದೇ ಅನ್ನುವ ಹಾಗೆ ಮುಂದೆ ಓದಿಕೊಂಡು ಹೋದ. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಸೊಸೆಯಿಂದ ಓದಿಸಿದೆ. ಹನ್ನೊಂದು ತಪ್ಪು. ನಾನು ಮೂರು ಸಲ ನೋಡಿ ಸಹಿ ಹಾಕಿದ ಪುಟಗಳಲ್ಲಿ. ನನ್ನ ಕೈಕೆಳಗಿನವನು ಇಷ್ಟು ಬಿಟ್ಟಿದ್ದರೆ ಮೆಟ್ಟಿಲಿಳಿಸಿ ಕಳಿಸುತ್ತಿದ್ದೆ.

ಕಣ್ಣಿನ ಡಾಕ್ಟರು ಮೇ ತಿಂಗಳಲ್ಲೇ ಹೇಳಿದ್ದರು. ಕಣ್ಣಿನ ನಡುಮಧ್ಯದ ನೋಟ ಹೋಗುತ್ತಿದೆ, ಅಂಚು ಉಳಿಯುತ್ತದೆ, ಇದಕ್ಕೆ ಕನ್ನಡಕವಿಲ್ಲ. ನೋಡಬೇಕೆಂದ ಅಕ್ಷರವೇ ಮಾಯವಾಗುತ್ತದೆ, ಇಲಿ ತಿಂದ ಕಾಗದದ ಹಾಗೆ, ಅದರ ಅಕ್ಕಪಕ್ಕದವು ಕಾಣುತ್ತವೆ. ಅಭ್ಯಾಸದಿಂದ ನಡುವಿನದನ್ನು ನಾನೇ ತುಂಬಿಕೊಂಡು ಓದಿದೆ. ಶಾಂತಿ ಇರಬೇಕಾದಲ್ಲಿ ಶಾಂತಿ ಇದೆ ಎಂದುಕೊಂಡೆ. ಬದುಕಿಡೀ ಯಾವುದನ್ನು ಕಂಡರೆ ನನಗೆ ಅಸಹ್ಯವಾಗಿತ್ತೋ ಅದನ್ನೇ ಮಾಡಿದೆ: ಎದುರಿಗೆ ಇಲ್ಲದ್ದನ್ನು ಇದೆ ಎಂದು ನಂಬಿದೆ.

ಗೊತ್ತಿದ್ದೂ ಕೆಲಸ ಒಪ್ಪಿಕೊಂಡೆ. ಕುಣಿಯಲಾರದವಳು ನೆಲವನ್ನಾದರೂ ಡೊಂಕು ಅಂದಳು. ನನಗೆ ಆ ನೆಪವೂ ಇಲ್ಲ.

ನಿನ್ನ ಆಗಸ್ಟ್ ತಿಂಗಳ ಪತ್ರ ಮೇಜಿನ ಮೇಲಿದೆ.

ಅಣ್ಣ


ಅಕ್ಟೋಬರ್ ೨೦

ಅಣ್ಣನಿಗೆ,

ದಪ್ಪ ಕಪ್ಪು ಶಾಯಿಯಲ್ಲಿ, ಹಾಳೆಗೆ ಆರೇ ಸಾಲಿನಂತೆ ಬರೆಯುತ್ತಿದ್ದೇನೆ. ಅಂಚಿನಿಂದ ನೋಡಿ ಓದಿಕೋ.

ಹನ್ನೊಂದು ತಪ್ಪಿಗೆ ಯಾರೂ ಸಾಯುವುದಿಲ್ಲ. ನಿನ್ನ ಒಣ ಜಂಭ ಸಾಯಬಹುದು, ಅದಕ್ಕೆ ನಾನು ಅಳುವುದಿಲ್ಲ.

ಕಣ್ಣಿನದಕ್ಕೆ ನನಗೆ ಬೇಸರವಾಯಿತು. ನಿಜವಾಗಿ.

ಆಗಸ್ಟ್ ತಿಂಗಳ ಪತ್ರಕ್ಕೆ ಉತ್ತರ ಬರಲಿಲ್ಲ.

ತಂಗಿ


ನವೆಂಬರ್ ೧೫

ತಂಗಿಗೆ,

ಇದು ನನ್ನ ಕೈಬರಹವಲ್ಲ. ಬರೆಯುತ್ತಿರುವವನು ಮೈಕಣ್ಣ. ಮಗನಿಗೋ ಸೊಸೆಗೋ ಹೇಳಿ ಬರೆಸಬಹುದಿತ್ತು. ಅವರು ನನ್ನ ಜೊತೆ ದಿನಾ ಊಟಕ್ಕೆ ಕೂರುವವರು, ಇದನ್ನು ಕೇಳಿದ ಮೇಲೆ ಎದುರು ಕೂರುವುದು ಕಷ್ಟ. ಇವನ ಅಭಿಪ್ರಾಯ ನನಗೆ ಲೆಕ್ಕಕ್ಕಿಲ್ಲ, ಅದಕ್ಕೇ ಇವನನ್ನು ಕರೆಸಿದೆ. ಇದನ್ನೂ ಬರೆ ಎಂದಿದ್ದೇನೆ, ಬರೆಯುತ್ತಿದ್ದಾನೆ. ಅಭಿಪ್ರಾಯದ ಪ್ರಕ್ಕೆ ಮಹಾಪ್ರಾಣ ಇಲ್ಲ ಎಂದು ಅವನಿಗೆ ಹೇಳಬೇಕಾಯಿತು.

ಮೇ ತಿಂಗಳಲ್ಲಿ ಡಾಕ್ಟರು, "ಬರೆಯೋದೇನಾದ್ರೂ ಇದ್ರೆ ಈ ವರ್ಷದೊಳಗೆ ಬರೆದುಬಿಡಿ" ಎಂದರು. ಅವರು ಹೇಳಿದ್ದು ಬ್ಯಾಂಕಿನ ಸಹಿಯ ಬಗ್ಗೆ ಇರಬೇಕು. ನನಗೆ ನೆನಪಾದದ್ದು ನೀನು. ಯಾಕೆ ಬರೆದೆ ಎಂದು ಕೇಳಿದೆಯಲ್ಲ, ಅದಕ್ಕೆ ಬರೆದೆ. ನನ್ನ ಕೈಯಲ್ಲಿ ನಾನೇ, ಯಾರೂ ನೋಡದ ಹಾಗೆ, ಬರೆದು ಅಂಟು ಹಚ್ಚಿ ಕಳಿಸಬಹುದಾಗಿತ್ತು. ನಾಲ್ಕು ಪತ್ರ ಬರೆದೆ, ಬಚ್ಚಲ ಕಂಬಿಯನ್ನೂ ಬಿಸ್ಕತ್ತನ್ನೂ ಬರೆದೆ. ಈಗ ಬರೆಯಲು ಕಣ್ಣಿಲ್ಲ. ಇವನ ಮುಂದೆ ಬಾಯಿಬಿಟ್ಟು ಹೇಳಬೇಕಾಗಿ ಬಂತು.

ಅಮ್ಮನಿಗೆ ಪ್ರಜ್ಞೆ ಇತ್ತು.

ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಅವಳು ಎರಡು ಚಮಚ ನೀರು ಕುಡಿದು, ಕಣ್ಣು ಬಿಟ್ಟು ಕೇಳಿದಳು, "ಚಿಕ್ಕವಳು ಬಂದ್ಲಾ? ಅವಳು ಹಾಡಿದ್ರೆ ನಿದ್ದೆ ಬರುತ್ತೆ." ನಾನು "ಬರ್ತಿದಾಳಮ್ಮ" ಎಂದೆ. ಫೋನು ಪಕ್ಕದ ಕೋಣೆಯಲ್ಲೇ ಇತ್ತು. ನಾನು ಎದ್ದು ಹೋಗಲಿಲ್ಲ. ಹನ್ನೊಂದಕ್ಕೆ ಮತ್ತೆ ಕೇಳಿದಳು. ದಾರಿಯಲ್ಲಿದ್ದಾಳೆ ಎಂದೆ. ಒಂದು ಗಂಟೆಗೆ ಮಾತಾಡಲು ಶಕ್ತಿ ಇರಲಿಲ್ಲ, ಬಾಗಿಲ ಕಡೆಗೆ ತಲೆ ತಿರುಗಿಸಿದಳು. ಮೂರರವರೆಗೂ ತಲೆ ಆ ಕಡೆಗೇ ಇತ್ತು.

ಕಾರಣ ನಿನ್ನ ಸಭೆಯ ಮೇಲಿನ ತಿರಸ್ಕಾರ ಎಂದು ಹನ್ನೆರಡು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಅವಳು ಹಾಸಿಗೆ ಹಿಡಿದ ಏಳು ತಿಂಗಳು ಅವಳ ಬಟ್ಟೆ ಬದಲಿಸಿದ್ದು, ಕೂರಿಸಿದ್ದು, ಮಲಗಿಸಿದ್ದು ನಾನು. ನೀನು ಬಂದು ಕಾಲುಗಂಟೆ ಹಾಡಿ ಹೋದರೆ ಅವಳ ಮುಖದಲ್ಲಿ ಬರುತ್ತಿದ್ದ ಬೆಳಕು ನನ್ನ ಏಳು ತಿಂಗಳಿಗೆ ಒಮ್ಮೆಯೂ ಬರಲಿಲ್ಲ. ಕೊನೆಯ ದಿನವಾದರೂ ನನ್ನೊಬ್ಬನ ಜೊತೆ ಇರಲಿ ಎಂದುಕೊಂಡೆ. ಇದ್ದಳು. ಬಾಗಿಲ ಕಡೆ ನೋಡಿಕೊಂಡು ಇದ್ದಳು.

ನೀನು ಹಾಡುವುದನ್ನು ಬಿಟ್ಟದ್ದು ನನಗೆ ಗೊತ್ತಿರಲಿಲ್ಲ. ಆಗಸ್ಟ್‌ನಲ್ಲಿ ಗೊತ್ತಾಯಿತು. ಗೊತ್ತಾದ ಮೇಲೂ ಮೂರು ತಿಂಗಳು ಸುಮ್ಮನಿದ್ದೆ.

ಇದಕ್ಕೆ ಕ್ಷಮೆ ಕೇಳುವ ಪದ್ಧತಿ ನನಗೆ ಬರುವುದಿಲ್ಲ. ಬರುವವರ ಮೇಲೆ ನನಗೆ ಗೌರವವೂ ಇಲ್ಲ. ಆದದ್ದನ್ನು ಆದ ಹಾಗೆ ಹೇಳಿದ್ದೇನೆ.

ಅಣ್ಣ

ಅಕ್ಕಾ, ಯಜಮಾನರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ. ನಡುವೆ ಎರಡು ಸಲ ಎದ್ದು ಒಳಗೆ ಹೋಗಿ ಬಂದರು, ಅದನ್ನು ಬರೆಯಬೇಡ ಅಂದಿದ್ದರು. ನಾನು ಯಾರಿಗೂ ಹೇಳುವುದಿಲ್ಲ. ಕಾಗುಣಿತದ ತಪ್ಪುಗಳಿದ್ದರೆ ನನ್ನವು.


ನವೆಂಬರ್ ೨೩

ಇದನ್ನು ಓದಿ ಹೇಳುತ್ತಿರುವ ಮೈಕಣ್ಣನವರಿಗೆ: ಇಲ್ಲಿಂದ ಮುಂದಿನದನ್ನು ಅವನಿಗೆ ನಿಮ್ಮ ನಿಲ್ದಾಣದ ದನಿಯಲ್ಲಿ ಓದಿ. ಅಕ್ಕಪಕ್ಕದ ಮನೆಯವರಿಗೂ ಕೇಳಲಿ.

ನೀನು ಕಳ್ಳ. ಊರಿನವರ ಕಾಮಾ, ಸೊನ್ನೆ ಹುಡುಕಿಕೊಂಡು ತಿರುಗಿದ ನೀನು, ನನ್ನ ತಾಯಿಯ ಕೊನೆಯ ಮಾತನ್ನೇ ಹೊಡೆದುಹಾಕಿದೆ. ನೀನು ನಂಬದ ದೇವರ ಮುಂದೆ ನಾನು ಹನ್ನೆರಡು ವರ್ಷ ಒಂದೇ ಪ್ರಶ್ನೆ ಇಟ್ಟುಕೊಂಡು ಕೂತೆ. ಉತ್ತರ ನಿನ್ನ ಜೇಬಿನಲ್ಲಿತ್ತು. ಅವನು ಪಾಪ ಏನು ಹೇಳಿಯಾನು?

ಇನ್ನೂ ಇದೆ. ಕಾಗದದಲ್ಲಿ ಬರೆದು ಬೇರೆಯವರ ಬಾಯಿಂದ ಹೇಳಿಸುವಂಥದ್ದಲ್ಲ. ಗುರುವಾರ ಹನ್ನೊಂದರ ಬಸ್ಸಿಗೆ ಬರುತ್ತೇನೆ. ಯಾರೂ ಎದುರುಗೊಳ್ಳಲು ಬರಬೇಡಿ. ಮೂರು ಮಹಡಿ ಹತ್ತುವಷ್ಟು ಸಿಟ್ಟು ನನ್ನಲ್ಲಿದೆ.


ಡಿಸೆಂಬರ್ ೬

ಅಣ್ಣನಿಗೆ,

(ಸೊಸೆ, ಇದನ್ನು ನೀನೇ ಓದು. ಅವನ ಎದುರು ಕೂರಲು ನಿನಗೆ ಕಷ್ಟವಾಗುವುದಿಲ್ಲ ಎಂದು ಮೂರು ದಿನದಲ್ಲಿ ನನಗೆ ಗೊತ್ತಾಗಿದೆ. ಅವನಿಗೆ ಗೊತ್ತಾಗಿಲ್ಲ, ಅವನಿಗೆ ಮೊದಲಿನಿಂದಲೂ ಹತ್ತಿರದ್ದು ಕಾಣುವುದಿಲ್ಲ.)

ಕ್ಷೇಮವಾಗಿ ಬಂದು ತಲುಪಿದೆ. ಮಂಡಿ ಊದಿದೆ. ನಿಮ್ಮ ಮೆಟ್ಟಿಲಿಗೆ ಬೆಂಕಿ ಬೀಳಲಿ.

ಬಸ್ಸಿನಲ್ಲಿ ಕೂತು ಬೈಗುಳವನ್ನೆಲ್ಲ ಲಕೋಟೆಯ ಬೆನ್ನಿಗೆ ಬರೆದುಕೊಂಡು ಬಂದಿದ್ದೆ, ಮರೆಯಬಾರದು ಎಂದು. ಬಾಗಿಲು ತೆಗೆದೆ ನೀನು. ಒಂದು ಕೈ ಗೋಡೆಯ ಮೇಲೆ, ಅಂಗಿಯ ಗುಂಡಿಗಳನ್ನು ಒಂದು ತೂತು ತಪ್ಪಿಸಿ ಹಾಕಿಕೊಂಡಿದ್ದೆ, ನನ್ನ ಮುಖವನ್ನು ನೋಡಲು ನನ್ನ ಭುಜದ ಕಡೆಗೆ ನೋಡುತ್ತಿದ್ದೆ. ನನ್ನ ಸಿಟ್ಟು ಅರ್ಧ ಅಲ್ಲೇ ಇಳಿಯಿತು. ಅದಕ್ಕೆ ಇನ್ನೂ ಸಿಟ್ಟು ಬಂತು. ಹನ್ನೆರಡು ವರ್ಷ ಕಾಪಾಡಿಕೊಂಡು ಬಂದದ್ದನ್ನು ಒಂದು ಗುಂಡಿಗೆ ಕಳೆದುಕೊಳ್ಳಲೇ? ಅದಕ್ಕೇ ಕೂರದೆ, ನೀರೂ ಕುಡಿಯದೆ, ನಿಂತಲ್ಲೇ ಓದಿದ್ದು. ಎರಡು ಸಾಲು ಓದುವಷ್ಟರಲ್ಲಿ ನೀನು "ವಂಚಕ ಅನ್ನೋದು ಎರಡು ಸಲ ಬಂತು" ಎಂದೆಯಲ್ಲ, ನಿನ್ನ ಮೂಗಿಗೆ ಲಕೋಟೆ ಎಸೆದದ್ದಕ್ಕೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ. ನೀನು ತಪ್ಪಿಸಿಕೊಳ್ಳಲಿಲ್ಲ. ಬರುವುದು ಕಾಣಿಸಲಿಲ್ಲ ಎಂದು ಆಮೇಲೆ ಹೊಳೆಯಿತು.

ಶುಕ್ರವಾರ ಮಧ್ಯಾಹ್ನದ ಮಾತು ಹೇಳಬೇಕು. ಅಮ್ಮ ಏನಂದಳು, ಅವಳು ಅಂದ ಹಾಗೆಯೇ ಹೇಳು ಎಂದೆ. ನೀನು ಹೇಳಿದೆ. ಕೇಳಿಸಲಿಲ್ಲ ಎಂದೆ. ನೀನು ಕುರ್ಚಿ ಎಳೆದುಕೊಂಡು ಹತ್ತಿರ ಬಂದು, ನನ್ನ ಕಿವಿಗೆ ಬಾಯಿಟ್ಟು, ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕೂಗಿದೆ, "ಚಿಕ್ಕವಳು ಬಂದ್ಲಾ? ಅವಳು ಹಾಡಿದ್ರೆ ನಿದ್ದೆ ಬರುತ್ತೆ." ಇನ್ನೂ ಕೇಳಿಸಲಿಲ್ಲ ಎಂದೆ. ನಾಲ್ಕು ಸಲ ಕೂಗಿಸಿದೆ. ನಾಲ್ಕನೇ ಸಲ ನಿನ್ನ ದನಿ ಒಡೆಯಿತು, ಸೊಸೆ ಅಡುಗೆಮನೆಯಿಂದ ಓಡಿ ಬಂದಳು, ನೀನು ಅವಳಿಗೆ "ಏನಿಲ್ಲ, ಇವಳಿಗೆ ಕಿವುಡು" ಎಂದೆ.

ನನಗೆ ಮೊದಲನೇ ಸಲವೇ ಕೇಳಿಸಿತ್ತು.

ನಿನ್ನನ್ನು ಕ್ಷಮಿಸಿದೆ ಎಂದು ಬರೆಯಲು ಕೈ ಏಳುತ್ತಿಲ್ಲ. ನಮ್ಮ ಸಭೆಯಲ್ಲಿ ಕ್ಷಮಿಸಬೇಕು ಅನ್ನುತ್ತಾರೆ. ಹೇಳುವವರಿಗೆ ನಿನ್ನಂಥ ಅಣ್ಣನಿಲ್ಲ. ಭಾನುವಾರ ಅಲ್ಲಿಗೆ ಹೋಗಿದ್ದೆ. ಎದ್ದು ನಿಂತು ಹಾಡುವಾಗ ದನಿ ತೆಗೆದೆ. ಶ್ರುತಿ ಎತ್ತಲೋ ಹೋಗಿರಬೇಕು, ಮುಂದಿನ ಸಾಲಿನವರು ತಿರುಗಿ ತಿರುಗಿ ನೋಡಿದರು. ನನಗೆ ಕೇಳಿಸದು, ಅವರ ಕರ್ಮ. ಕೊನೆಯವರೆಗೂ ಹಾಡಿದೆ.

ಜನವರಿ ಹತ್ತಕ್ಕೆ ಮತ್ತೆ ಬರುತ್ತೇನೆ, ಹದಿನೈದು ದಿನ ಇರುತ್ತೇನೆ ಎಂದು ಸೊಸೆಗೆ ಹೇಳಿದ್ದೇನೆ. ಬೈಯುವುದು ಇನ್ನೂ ಬೇಕಾದಷ್ಟಿದೆ. ಅಲ್ಲಿಯವರೆಗೆ ಕಂಬಿ ಹಿಡಿದುಕೊಂಡು ಸ್ನಾನ ಮಾಡು. ಬಿದ್ದು ಗಿದ್ದು ಸತ್ತೆಯೋ, ನಿನ್ನ ಪಾಲಿಗೆ ನಾನು ಹಾಡುವುದಿಲ್ಲ.

ಚಿಕ್ಕವಳು